ಮದರ್‌ಬೋರ್ಡಿಗೆ ಎಳೆದ ಪೆನ್ಸಿಲ್ ಗೆರೆ

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಿದ್ದುಪಡಿ ಹಾಕುತ್ತೇವೆ. ತಪ್ಪು ಎಷ್ಟು ದೊಡ್ಡದಿದ್ದರೂ ತಿದ್ದುಪಡಿಯ ಅಕ್ಷರ ದೊಡ್ಡದಾಗುವುದಿಲ್ಲ. ಇದು ನಮ್ಮ ವೃತ್ತಿಯ ಅನುಕೂಲಗಳಲ್ಲಿ ಒಂದು. ಬಾಯಿಂದ ಆಡಿದ ತಪ್ಪಿಗೆ ಮಾತ್ರ ಅಂಥ ಮೂಲೆ ಸಿಗುವುದಿಲ್ಲ. ಈಚೆಗೆ ಕೆಲವು ವಾರ ನಾನು ಸಿಕ್ಕ ಸಿಕ್ಕವರ ಮುಂದೆ ಒಂದು ಸಂಗತಿ ಹೇಳಿಕೊಂಡು ತಿರುಗಿದೆ: ಒಂದು ಪೆನ್ಸಿಲ್ಲಿನಿಂದ ನಮ್ಮ ಹಳೆಯ ಕಂಪ್ಯೂಟರಿನ ವೇಗ ಹೆಚ್ಚಿಸಿ, ನಮ್ಮ ಓಣಿಯ ಹೆಂಗಸರ ಮಾನ ಉಳಿಸಿದೆ ಎಂದು. ಈ ಹೇಳಿಕೆಯಲ್ಲಿ ಪೆನ್ಸಿಲ್ ಇತ್ತು ಎಂಬುದು ನಿಜ. ಕಂಪ್ಯೂಟರ್ ಇತ್ತು ಎಂಬುದೂ ನಿಜ. ಹೆಂಗಸರ ಮಾನ ಉಳಿಯಿತು ಎಂಬುದೂ ನಿಜ. ಇವುಗಳನ್ನು ನಾನು ಜೋಡಿಸಿದ ರೀತಿಯಲ್ಲಿ ಮಾತ್ರ ಸ್ವಲ್ಪ ಲೋಪವಿತ್ತು. ಅದಕ್ಕಾಗಿ ಈ ಬರಹ.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ. ಜಿಲ್ಲೆಯ ಪತ್ರಿಕೆಯೊಂದರ ತಾಲ್ಲೂಕು ಪುಟವನ್ನು ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಸಿದ್ಧಪಡಿಸುವವನು ನಾನು. ಹಾನಗಲ್, ಶಿಗ್ಗಾವಿ, ಹಿರೇಕೆರೂರು, ಸವಣೂರು ತಾಲ್ಲೂಕುಗಳಲ್ಲಿ ದಿನವಿಡೀ ನಡೆದದ್ದೆಲ್ಲ ಆ ಒಂದು ಪುಟದೊಳಗೆ ಹಿಡಿಸಬೇಕು. ಹಾಗಾಗಿ ನಾನು ಮಿತಿಯ ಮನುಷ್ಯ. ಯಾವ ಸುದ್ದಿಯಾದರೂ ನೂರೈವತ್ತು ಪದ. ತಿಳವಳ್ಳಿಯಲ್ಲಿ ಗೋವಿನಜೋಳದ ರಾಶಿಗೆ ಬೆಂಕಿ ಬಿದ್ದರೂ ಅಷ್ಟೇ, ಮಂತ್ರಿಗಳು ಬಂದು ಭಾಷಣ ಮಾಡಿದರೂ ಅಷ್ಟೇ. ಬೆಂಕಿಗೆ ಅಷ್ಟು ಧಾರಾಳವಾಗಿ ಸಾಕಾಗುತ್ತದೆ. ಮಂತ್ರಿಗಳಿಗೆ ಸಾಲುವುದಿಲ್ಲ, ಏಕೆಂದರೆ ವೇದಿಕೆಯ ಮೇಲಿದ್ದವರ ಹೆಸರುಗಳೇ ಅದನ್ನು ನುಂಗಿರುತ್ತವೆ. ವರದಿಯ ಪ್ರಿಂಟ್ ತೆಗೆದು, ಕಿವಿಯ ಸಂದಿಯಲ್ಲಿರುವ 2ಬಿ ಪೆನ್ಸಿಲ್ ಇಳಿಸಿ, ‘ದೀಪ ಬೆಳಗಿಸುವ ಮೂಲಕ’ ಎಂಬಲ್ಲಿಂದ ‘ವಂದಿಸಿದರು’ ಎಂಬಲ್ಲಿಯವರೆಗೆ ಒಂದು ದಪ್ಪ ಗೆರೆ ಎಳೆದಾಗ ನನಗೆ ಸಿಗುವ ನೆಮ್ಮದಿ ಇನ್ನಾವುದರಲ್ಲೂ ಸಿಗುವುದಿಲ್ಲ. ಪರದೆಯ ಮೇಲೆಯೇ ಅಳಿಸಬಹುದು ಎಂದು ಎಲ್ಲರೂ ಹೇಳುತ್ತಾರೆ. ಅಳಿಸಬಹುದು. ಆದರೆ ಹೊಡೆದು ಹಾಕಿದ ಹಾಗೆ ಅನಿಸುವುದಿಲ್ಲ.

ಈ ಪೆನ್ಸಿಲ್ಲಿಗೆ ಬಗ್ಗದವನು ಒಬ್ಬನೇ, ನಮ್ಮ ಹಿರೇಕೆರೂರಿನ ವರದಿಗಾರ ಚನ್ನಬಸಪ್ಪ. ಅವನ ಸುದ್ದಿ ಸರಿಯಾಗಿ ನೂರೈವತ್ತು ಪದ ಇರುತ್ತದೆ. ಅದರ ಜೊತೆಗೊಂದು ಫೋಟೊ ಬರುತ್ತದೆ. ಫೋಟೊದಲ್ಲಿ ಒಂದು ಸಿಡಿ, ಅಂದರೆ ಹಳ್ಳದ ಮೇಲಿನ ಸಣ್ಣ ಸೇತುವೆ, ಮತ್ತು ಅದರ ಪಕ್ಕದಲ್ಲಿ ನಿಂತ ಕೆಲವರು. ಫೋಟೊದ ಅಡಿಬರಹದಲ್ಲಿ ಆ ಸೇತುವೆ ಕುಸಿದ ಬಗೆ, ಅದಕ್ಕೆ ಮೊದಲು ಅದು ಇದ್ದ ಬಗೆ, ಅದರ ಬಗ್ಗೆ ನಡೆದ ಸಭೆ, ಸಭೆಯಲ್ಲಿ ಯಾರು ಯಾರ ಮೇಲೆ ರೇಗಿದರು ಎಂಬ ವಿವರ, ಕೊನೆಗೆ ವಂದನಾರ್ಪಣೆ. ಅಡಿಬರಹಕ್ಕೆ ಪದಮಿತಿ ಹಾಕುವುದನ್ನು ನಾನು ಮರೆತಿದ್ದೆ. ಫೋನ್ ಮಾಡಿ ಕೇಳಿದರೆ ಅವನು ಬಹಳ ವಿನಯದಿಂದ ಹೇಳುತ್ತಾನೆ:

“ಸುದ್ದಿ ನೀವ್ ಹೇಳಿದಷ್ಟ ಐತೆಲ್ರಿ ಸರ್, ಎಣಿಸಿ ನೋಡ್ರಿ. ಫೋಟೋದ ಕೆಳಗಿಂದು ಸುದ್ದಿ ಅಲ್ರಿ. ಅದು ಫೋಟೋದಾಗ ಕಾಣಲಾರದ್ದನ್ನ ತಿಳಿಸಿ ಹೇಳೋದು.”

“ಫೋಟೋದಾಗ ಕಾಣಲಾರದ್ದನ್ನ ಯಾಕ ಹೇಳಬೇಕೋ ಮಾರಾಯ?”

“ಕಾಣೋದನ್ನ ಓದುಗ್ರು ತಾವ ನೋಡ್ತಾರಲ್ರಿ.”

ಇವನ ಮಾತನ್ನು ಇಲ್ಲಿ ತರಬೇಕಾದ ಕಾರಣ ಮುಂದೆ ಬರುತ್ತದೆ.

ಈಗ ಕಂಪ್ಯೂಟರು. ನಮ್ಮ ಪಡಸಾಲೆಯ ಮೂಲೆಯಲ್ಲಿರುವ ಈ ಯಂತ್ರ ನಾನು ಈ ಕೆಲಸಕ್ಕೆ ಸೇರಿದ ಕಾಲದ್ದು. ಪುಟ ಕಟ್ಟುವ ಹಳೆಯ ಕನ್ನಡ ತಂತ್ರಾಂಶ ಹೊಸ ಕಂಪ್ಯೂಟರುಗಳ ಮೇಲೆ ಓಡುವುದಿಲ್ಲ; ಓಡಿಸಿದರೆ ಒತ್ತಕ್ಷರಗಳು ಒಂದೊಂದು ದಿಕ್ಕಿಗೆ ಹೋಗಿ ನಿಲ್ಲುತ್ತವೆ. ಆದ್ದರಿಂದ ಇದನ್ನು ಬಿಡುವ ಹಾಗಿಲ್ಲ. ಶಿಗ್ಗಾವಿಯ ರಿಪೇರಿ ಅಂಗಡಿಯವರು ಒಮ್ಮೆ ಇದರ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ನನಗೊಂದು ಚಹಾ ತರಿಸಿ ಕೊಟ್ಟರು. ಸಾವಿನ ಮನೆಗೆ ಬಂದವರು ಹೀಗೆ ಮಾಡುವುದನ್ನು ನೋಡಿದ್ದೇನೆ. ಆದರೂ ನನ್ನ ಪುಟಕ್ಕೆ ಅದರ ವೇಗ ಸಾಕಾಗಿತ್ತು. ನನ್ನ ಹೆಂಡತಿ ಗಿರಿಜಾ ಅದರಲ್ಲಿ ವಿಡಿಯೊ ಜೋಡಿಸಲು ಶುರುಮಾಡಿದ ಮೇಲೆ ಸಾಕಾಗದೆ ಹೋಯಿತು.

ನಮ್ಮ ಓಣಿಯಲ್ಲಿ ಬೀಸುವ ಕಲ್ಲಿನ ಪದ ಹಾಡುವ ಹೆಂಗಸರ ಒಂದು ತಂಡವಿದೆ. ಈಗ ಯಾರ ಮನೆಯಲ್ಲೂ ಕಲ್ಲಿನಲ್ಲಿ ಬೀಸುವುದಿಲ್ಲ, ಜೋಳ ಗಿರಣಿಗೆ ಹೋಗುತ್ತದೆ. ಹಾಡು ಮಾತ್ರ ಉಳಿದಿದೆ. ತಂಡದ ಹಿರಿಯಳು ನೀಲವ್ವ, ನಮ್ಮ ಎದುರುಮನೆಯವಳು, ಹಿರೇಬೆಂಡಿಗೇರಿಯ ತವರಿನವಳು. ಅವಳ ಕಂಠಕ್ಕೆ ಮೈಕು ಬೇಕಾಗಿಲ್ಲ ಎಂಬುದನ್ನು ಎದುರುಮನೆಯವನಾಗಿ ನಾನು ದೃಢೀಕರಿಸಬಲ್ಲೆ. ಜಿಲ್ಲೆಯ ಮಹಿಳಾ ಸಂಘವೊಂದು ವರ್ಷಕ್ಕೊಮ್ಮೆ ಹಾಡಿನ ವಿಡಿಯೊ ತರಿಸಿಕೊಂಡು ಬಹುಮಾನ ಕೊಡುತ್ತದೆ. ಹೋದ ವರ್ಷ ನಮ್ಮವರ ವಿಡಿಯೊ ಹೋಗಿ ಮುಟ್ಟುವಷ್ಟರಲ್ಲಿ ಗಡುವು ಮುಗಿದಿತ್ತು. ಹಿರೇಕೆರೂರಿನ ತಂಡಕ್ಕೆ ಮೊದಲ ಬಹುಮಾನ ಬಂತು. ಆ ತಂಡದಲ್ಲಿ ನೀಲವ್ವನ ನಾದಿನಿ ಇದ್ದಾಳೆ. ಬಹುಮಾನ ಬಂದ ದಿನ ನಾದಿನಿ ಫೋನ್ ಮಾಡಿ, “ನೀವ್ ಹಾಡೇ ಇರಲಿಲ್ಲೇನ ವೈನಿ, ಕಾಣ್ಲೇ ಇಲ್ಲ?” ಎಂದು ಕೇಳಿದಳಂತೆ. ಅಷ್ಟೇ ಕೇಳಿದ್ದು. ಆ ಒಂದು ಮಾತನ್ನು ನೀಲವ್ವ ಒಂದು ವರ್ಷ ಇಟ್ಟುಕೊಂಡಿದ್ದಳು.

ಈ ವರ್ಷ ಚಿತ್ರೀಕರಣ ನಮ್ಮ ಹಿತ್ತಲಿನಲ್ಲೇ, ಹಳೆಯ ಬೀಸುವ ಕಲ್ಲೊಂದನ್ನು ತಂದಿಟ್ಟು ನಡೆಯಿತು. ಗಿರಿಜಾ ತನ್ನ ಹೊಸ ಮೊಬೈಲಿನಲ್ಲಿ ತೆಗೆದಳು. ಆರಂಭದಲ್ಲಿ ವಿಷಯದ ಹಿನ್ನೆಲೆ ತಿಳಿಸುವ ಸಲುವಾಗಿ ನಾನೂ ಬೀಸುವ ಕಲ್ಲಿನ ಪಕ್ಕ ನಿಂತು ನಾಲ್ಕು ಮಾತು ಆಡಿದೆ. ಚಿತ್ರ ಬಹಳ ಸ್ಪಷ್ಟವಾಗಿ ಬಂತು. ಅದೇ ತೊಂದರೆಯಾಯಿತು. ಅಷ್ಟು ಸ್ಪಷ್ಟವಾದ ಚಿತ್ರವನ್ನು ನಮ್ಮ ಕಂಪ್ಯೂಟರ್ ಹಿಂದೆಂದೂ ನೋಡಿರಲಿಲ್ಲ. ಎಲ್ಲ ತುಣುಕು ಜೋಡಿಸಿ ಒಂದು ವಿಡಿಯೊ ಮಾಡು ಎಂದು ಹೇಳಿದರೆ, ಪರದೆಯ ಮೇಲಿನ ಹಸಿರು ಪಟ್ಟಿ ಎತ್ತಿನಗಾಡಿಯ ವೇಗದಲ್ಲಿ ಎಡದಿಂದ ಬಲಕ್ಕೆ ಹೊರಡುತ್ತಿತ್ತು. ಮುಕ್ಕಾಲು ದಾರಿ ಹೋಗುವಷ್ಟರಲ್ಲಿ ಸವಣೂರಿನಲ್ಲಿ ಕರೆಂಟು ಹೋಗುತ್ತಿತ್ತು. ಯುಪಿಎಸ್ ಎಂಬುದು ನಮ್ಮಲ್ಲಿ ಕರೆಂಟು ಹೋಗಿದೆ ಎಂದು ಕೂಗಿ ತಿಳಿಸುವ ಯಂತ್ರ. ಕೂಗಿದ ಮೇಲೆ ಅದೂ ಸುಮ್ಮನಾಗುತ್ತದೆ. ಮತ್ತೆ ಮೊದಲಿನಿಂದ. ಎರಡು ದಿನ ಹೀಗೇ ಆಯಿತು. ಶನಿವಾರ ಗಡುವು.

“ಶಿಗ್ಗಾವ್ಯಾಗ ಸ್ಟುಡಿಯೋದಾವ್ರಿಗೆ ಕೊಟ್ರ ಒಂದ ತಾಸಿನ್ಯಾಗ ಮಾಡಿ ಕೊಡ್ತಾರಂತ್ರೀ,” ಎಂದಳು ಗಿರಿಜಾ.

ನೀಲವ್ವ ಅಲ್ಲೇ ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದಳು. “ಕೊಟ್ಟ ಬಿಡವಾ. ಮನ್ಯಾಗ ಪೇಪರ್ ಸಾಹೇಬ್ರು ಇದ್ದೂ ನಾವು ಶಿಗ್ಗಾವಿಗೆ ಬಸ್ ಹತ್ತೋಣು. ಹೋದ್ ವರ್ಷಾನೂ ಇದ ಕಂಪ್ಯೂಟರ್ ಹೌದಿಲ್ಲ ತಮ್ಮಾ?”

ಅದೇ ಕಂಪ್ಯೂಟರ್ ಹೌದು. ಈ ಬಗೆಯ ಪ್ರಶ್ನೆಗಳಿಗೆ ಜವಾಬ್ದಾರಿಯುತ ಪತ್ರಕರ್ತ ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎನ್ನುವಂತಿರಬೇಕು. ನಾನು ಲಭ್ಯನಾದೆ. “ಎಲ್ಲೂ ಒಯ್ಯೂದು ಬ್ಯಾಡ. ಇದರ ವೇಗಾನ ಹೆಚ್ಚು ಮಾಡ್ತೇನಿ,” ಎಂದೆ.

“ಹೆಂಗ?”

“ವೋಲ್ಟೇಜ್ ಹೆಚ್ಚು ಕೊಟ್ಟು.”

ನೀಲವ್ವ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು. “ನಮ್ಮ ತವರಮನ್ಯಾಗ ಬೋರ್‌ವೆಲ್ ಮೋಟರ್‌ಗೆ ಒಮ್ಮೆ ವೋಲ್ಟೇಜ್ ಹೆಚ್ಚು ಬಂದಿತ್ತು ತಮ್ಮಾ. ಅದನ್ನ ಮ್ಯಾಲ ಎತ್ತಿದಾಗ ಹುರದ ಶೇಂಗಾದಂಗ ವಾಸನಿ ಬರ್ತಿತ್ತು.”

ನಮ್ಮ ಕಡೆ ವೋಲ್ಟೇಜಿನ ಬಗ್ಗೆ ಯಾರಿಗೂ ಪಾಠ ಹೇಳಲಾಗುವುದಿಲ್ಲ. ಎಲ್ಲರ ಮನೆಯಲ್ಲೂ ಒಂದು ಸುಟ್ಟ ಮೋಟರಿನ ನೆನಪಿರುತ್ತದೆ. ಆದರೂ ನಾನು ಹೇಳಿದ್ದು ಪೂರ್ತಿ ಬೊಗಳೆಯಲ್ಲ. ಪ್ರೊಸೆಸರ್ ಎಂದರೆ ಪೆಟ್ಟಿಗೆಯೊಳಗೆ ಕುಳಿತು ಲೆಕ್ಕ ಮಾಡುವ ಚಿಪ್. ತಯಾರಿಸಿದವರು ಅದಕ್ಕೊಂದು ವೇಗ ಗೊತ್ತುಮಾಡಿರುತ್ತಾರೆ. ಅದನ್ನು ದಾಟಿಸಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹೆಚ್ಚು ಓಡಬೇಕಾದರೆ ಅದಕ್ಕೆ ಹೆಚ್ಚು ವೋಲ್ಟೇಜು ಬೇಕು, ಸಿಗದಿದ್ದರೆ ದಾರಿಯಲ್ಲಿ ಕುಸಿದು ಬೀಳುತ್ತದೆ. ವೋಲ್ಟೇಜು ಕೊಡುವುದು ಅದು ಕುಳಿತಿರುವ ಹಸಿರು ಹಲಗೆ, ಮದರ್‌ಬೋರ್ಡು. ಕಂಪ್ಯೂಟರ್ ಚಾಲೂ ಆಗುವಾಗ ಒಂದು ಕೀಲಿ ಒತ್ತಿದರೆ ನೀಲಿ ಬಣ್ಣದ ಪುಟವೊಂದು ತೆರೆದುಕೊಳ್ಳುತ್ತದೆ. ಅಲ್ಲಿ ವೇಗವನ್ನೂ ವೋಲ್ಟೇಜನ್ನೂ ಏರಿಸಬಹುದು.

ಏರಿಸಿದೆ. ವೇಗ ಏರಿತು. ಗಿರಿಜಾ ಹಾಡಿನ ತುಣುಕು ಹಚ್ಚಿದಳು. ಹಸಿರು ಪಟ್ಟಿ ಒಂದು ಗೇಣು ಓಡಿ ನಿಂತಿತು, ಪರದೆ ನೀಲಿಯಾಯಿತು, ಕಂಪ್ಯೂಟರ್ ಬಿತ್ತು. ವೋಲ್ಟೇಜು ಸಾಲಲಿಲ್ಲ. ಮತ್ತೆ ಏರಿಸಿದೆ, ಮತ್ತೆ ಬಿತ್ತು. ಹೀಗೆ ಏರಿಸುತ್ತ ಹೋಗಿ ಒಂದು ಅಂಕಿಯ ಹತ್ತಿರ ಬಂದಾಗ, ಎಷ್ಟು ಸಲ ಕೀಲಿ ಒತ್ತಿದರೂ ಅದು ಕದಲಲಿಲ್ಲ. ಅದೇ ಮದರ್‌ಬೋರ್ಡಿನ ಮಿತಿ. ಅದರ ಮೇಲೆ ಕೊಡುವುದಿಲ್ಲ. ಯಾಕೆ ಎಂದು ಹೇಳುವುದಿಲ್ಲ, ಇನ್ನೊಮ್ಮೆ ಕೇಳಿ ನೋಡಿ ಎನ್ನುವುದೂ ಇಲ್ಲ. ಜಾಗ ಇಲ್ಲ, ಅಷ್ಟೇ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಹಲಗೆಯನ್ನು ಮಾಡಿದವನನ್ನು ಹುಡುಕಿ ಹಿಡಿದು, ‘ನಮ್ಮ ಓಣಿಯ ಹೆಂಗಸರ ಒಂದು ವರ್ಷದ ಸಂಕಟ ನಿನಗೇನು ಗೊತ್ತು, ಎಲ್ಲೋ ಕುಳಿತು ಅಂಕಿ ಹಾಕುತ್ತೀಯಲ್ಲ’ ಎಂದು ಕೇಳಬೇಕೆನಿಸಿತು. ಇದೇ ಮಾತನ್ನು, ಹೆಚ್ಚು ಕಡಿಮೆ ಇದೇ ಪದಗಳಲ್ಲಿ, ಎಲ್ಲೋ ಕೇಳಿದ್ದೇನೆ ಎಂದು ಆಗ ಅನಿಸಿತ್ತು. ಹಾನಗಲ್ಲಿನ ವರದಿಗಾರ ನನಗೇ ಹೇಳಿದ್ದು ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಹಳೆಯ ಮದರ್‌ಬೋರ್ಡುಗಳ ಜೊತೆ ಜೀವನ ಮಾಡುವವರು ತಮ್ಮ ಅನುಭವ ಹಂಚಿಕೊಳ್ಳುವ ಒಂದು ತಾಣ ಸಿಕ್ಕಿತು. ಅಲ್ಲಿ ಉಪಾಯ ಬರೆದಿತ್ತು. ಪ್ರೊಸೆಸರಿನ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಸಣ್ಣದೊಂದು ಬಿಡಿಭಾಗ, ರೆಸಿಸ್ಟರ್, ಇರುತ್ತದೆ. ತಾನು ಎಷ್ಟು ವೋಲ್ಟೇಜು ಕೊಡುತ್ತಿದ್ದೇನೆ ಎಂಬುದನ್ನು ಬೋರ್ಡು ಅದರ ಮೂಲಕ ತಿಳಿದುಕೊಳ್ಳುತ್ತದೆ. ಅದರ ಮೇಲೆ ಪೆನ್ಸಿಲ್ಲಿನಿಂದ ತಿಕ್ಕಬೇಕು. ಪೆನ್ಸಿಲ್ಲಿನ ಮಸಿಯಲ್ಲಿ ಕರೆಂಟು ಹರಿಯುತ್ತದೆ, ಅಳತೆ ತಪ್ಪುತ್ತದೆ, ಬೋರ್ಡು ತಾನು ಕಡಿಮೆ ಕೊಟ್ಟೆನೆಂದು ತಿಳಿದು ಇನ್ನಷ್ಟು ಕೊಡುತ್ತದೆ. ನೀಲಿ ಪುಟದಲ್ಲಿ ಮಾತ್ರ ಹಳೆಯ ಮಿತಿಯ ಅಂಕಿಯೇ ಇರುತ್ತದೆ. ಇದನ್ನು ಓದಿದಾಗ ನನಗೆ ಥಟ್ಟನೆ ಅರ್ಥವಾಯಿತು, ಏಕೆಂದರೆ ನನಗೆ ಚನ್ನಬಸಪ್ಪ ಗೊತ್ತು. ಮಿತಿಯನ್ನು ಮುರಿಯಬೇಕಾಗಿಲ್ಲ. ಅಳೆಯುವವನು ನೋಡದ ಜಾಗ ಯಾವುದು ಎಂದು ತಿಳಿದರೆ ಸಾಕು.

ಒಂದೇ ಮೂಲವನ್ನು ನಂಬಿ ಸುದ್ದಿ ಮಾಡುವವನಲ್ಲ ನಾನು. ಎರಡನೆಯ ಮೂಲ ಹುಡುಕಿದೆ. ಮೊದಲನೆಯವನು ಪೆನ್ಸಿಲ್ ಕೆಲಸ ಮಾಡಿತು ಎಂದು ಬರೆದಿದ್ದ. ಎರಡನೆಯವನು ಬೋರ್ಡು ಸುಟ್ಟುಹೋಯಿತು ಎಂದು ಬರೆದಿದ್ದ. ಎರಡೂ ಕಡೆಯ ಅಭಿಪ್ರಾಯ ಪಡೆದಂತಾಯಿತು ಎಂದು ನಾನು ಮುಂದುವರಿದೆ.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಚೆನ್ನಾಗಿ ಬೀಳುವ ಹೊತ್ತಿನಲ್ಲಿ ಕಂಪ್ಯೂಟರ್ ಬಂದ್ ಮಾಡಿ, ತಂತಿ ಕಿತ್ತು, ಪಕ್ಕದ ಮುಚ್ಚಳ ತೆಗೆದೆ. ಭೂತಗನ್ನಡಿ ಹಿಡಿದು ರೆಸಿಸ್ಟರ್ ಹುಡುಕಿದೆ. ಕಿವಿಯ ಸಂದಿಯಿಂದ 2ಬಿ ಪೆನ್ಸಿಲ್ ಇಳಿಸಿದೆ. ಇಷ್ಟು ವರ್ಷ ಆ ಪೆನ್ಸಿಲ್ಲಿನಿಂದ ನಾನು ಕಡಿಮೆ ಮಾಡುತ್ತಲೇ ಬಂದವನು. ಅದರಿಂದ ಏನನ್ನಾದರೂ ಹೆಚ್ಚು ಮಾಡುವುದು ಇದೇ ಮೊದಲು. ಎರಡು ಸಲ ತಿಕ್ಕಿ, ಮುಚ್ಚಳ ಹಾಕದೆ ಹಾಗೇ ಚಾಲೂ ಮಾಡಿದೆ. ವೇಗ ಏರಿಸಿದೆ. ಹಾಡಿನ ಒಂದು ತುಣುಕು ಹಚ್ಚಿದೆ. ಹಸಿರು ಪಟ್ಟಿ ಓಡಿತು. ಎಡದಿಂದ ಹೊರಟು ಬಲಕ್ಕೆ ಹೋಗಿ ಮುಟ್ಟಿತು. ಹುರಿದ ಶೇಂಗಾದ ವಾಸನೆ ಬರಲಿಲ್ಲ. ಗಿರಿಜಾ ಅಡುಗೆ ಮನೆಯಿಂದ ಬಂದು ನೋಡಿ, “ಅಡ್ಡಿಯಿಲ್ಲರೀ,” ಎಂದಳು. ಮದುವೆಯಾದಂದಿನಿಂದ ಅವಳು ನನ್ನ ಯಾವ ಕೆಲಸಕ್ಕೂ ಇದಕ್ಕಿಂತ ದೊಡ್ಡ ಪ್ರಶಸ್ತಿ ಕೊಟ್ಟಿಲ್ಲ. ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜ, ತಿದ್ದುಪಡಿಯ ಅಗತ್ಯವಿಲ್ಲ.

ಹೆಚ್ಚು ವೋಲ್ಟೇಜಿಗೆ ಹೆಚ್ಚು ಬಿಸಿ. ಆದ್ದರಿಂದ ಮುಚ್ಚಳ ತೆಗೆದ ಪಕ್ಕಕ್ಕೆ ಟೇಬಲ್ ಫ್ಯಾನ್ ಹಚ್ಚಿಟ್ಟೆ. ಸಂಜೆ ಬಂದ ನೀಲವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಅದನ್ನೇ ನೋಡಿದಳು. “ಮನಶ್ಯಾರು ಬೆವರಾಕತ್ತೇವಿ, ಇದಕ್ಕ ಫ್ಯಾನ್. ಬಾಣಂತಿಗೆ ಮಾಡಿದಂಗ ಮಾಡಾಕತ್ತೀರಲ್ಲ ತಮ್ಮಾ ಇದಕ್ಕ,” ಎಂದಳು. ನಾನು ಪೆನ್ಸಿಲ್ಲಿನ ವಿಷಯ ಯಾರಿಗೂ ಹೇಳಿರಲಿಲ್ಲ. ಪ್ರಕಟವಾಗುವ ಮುನ್ನ ಸುದ್ದಿ ಸೋರಬಾರದು ಎಂಬುದು ಅಭ್ಯಾಸ.

ಮರುದಿನ ಅಮಾವಾಸ್ಯೆ. ನಾನು ಬೆಳಿಗ್ಗೆಯೇ ಹಾನಗಲ್ಲಿಗೆ ಬಸ್ಸು ಹತ್ತಿದೆ. ಅಲ್ಲಿಯ ವರದಿಗಾರನ ಜೊತೆ ಮಾತಾಡುವುದಿತ್ತು, ಪದಮಿತಿಯ ಬಗ್ಗೆಯೇ. ಊಟದ ಹೊತ್ತಿಗೆ ಮನೆಗೆ ಬಂದಾಗ ಊದಿನಕಡ್ಡಿಯ ವಾಸನೆ ಬಾಗಿಲಿನಲ್ಲೇ ಎದುರಾಯಿತು. ನಮ್ಮ ಕಡೆ ಅಮಾವಾಸ್ಯೆಗೆ ದುಡಿಯುವ ಯಂತ್ರವನ್ನೆಲ್ಲ ಒರೆಸಿ ಪೂಜೆ ಮಾಡುತ್ತೇವೆ. ಟ್ರ್ಯಾಕ್ಟರಿಗೆ, ಗಿರಣಿಗೆ, ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ, ಎಲ್ಲಕ್ಕೂ. ನನ್ನ ಸ್ಕೂಟರಿಗೆ ನಿಂಬೆಹಣ್ಣು ಕಟ್ಟಿತ್ತು. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಮೂರು ಬೆರಳಿನ ವಿಭೂತಿ, ಮೇಲೊಂದು ಚೆಂಡುಹೂವು. ಫ್ಯಾನಿಗೂ ಅಷ್ಟೇ.

“ಬಂದ್ ಮಾಡಿ, ಛಲೋತ್ನಂಗ ಒರಿಸಿ, ಪೂಜಿ ಮಾಡೇನ್ರಿ,” ಎಂದಳು ಗಿರಿಜಾ. “ಹಚ್ಚಿದ ಮ್ಯಾಲ ಎರಡ್ ಸಲ ತಾನ ಬಂದಾತು, ತಾನ ಚಾಲೂ ಆತು. ಆಮ್ಯಾಲ ಏನ್ ಶಾಂತ ಆತಂತೀರಿ, ಸಪ್ಪಳಾನ ಇಲ್ಲ.”

“ಹಳೇ ಯಂತ್ರ, ಹಂಗ ಮಾಡ್ತೈತಿ,” ಎಂದು ನಾನು ಕೈಕಾಲು ತೊಳೆಯಲು ಹೋದೆ. ತಾನೇ ಬಂದಾಗಿ ತಾನೇ ಚಾಲೂ ಆಯಿತು, ಆಮೇಲೆ ಶಾಂತವಾಯಿತು. ಇಂಥ ಒಂದು ವಾಕ್ಯವನ್ನು ಯಾವ ವರದಿಗಾರ ಕಳಿಸಿದ್ದರೂ ನಾನು ಫೋನ್ ಮಾಡಿ, ‘ಯಾಕ ಬಂದಾತು? ಯಾಕ ಶಾಂತ ಆತು? ವಿಚಾರಿಸಿ ಬರಿ’ ಎನ್ನುತ್ತಿದ್ದೆ. ಕಂಪ್ಯೂಟರಿನ ವಿಷಯದಲ್ಲಿ ಊಟ ಬಡಿಸಿತ್ತು, ಹೋಳಿಗೆ ಇತ್ತು, ನಾನು ವಿಚಾರಿಸಲಿಲ್ಲ.

ಶನಿವಾರ ಬಂತು. ಕರೆಂಟು ಬೆಳಿಗ್ಗೆ ಬರುವುದು, ಮಧ್ಯಾಹ್ನ ಹೋಗುವುದು. ಅದರ ನಡುವೆ ಹಸಿರು ಪಟ್ಟಿ ಈ ತುದಿಯಿಂದ ಆ ತುದಿಗೆ ಮುಟ್ಟಬೇಕು. ಓಣಿಯ ತಂಡವೆಲ್ಲ ನಮ್ಮ ಪಡಸಾಲೆಯಲ್ಲಿ ಬಂದು ಕುಳಿತಿತ್ತು. ನೀಲವ್ವ ಖಾರಾ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದಳು, ತಾನು ಮಾತ್ರ ತಿನ್ನಲಿಲ್ಲ. ನಾನು ಫ್ಯಾನಿನ ದಿಕ್ಕು ಸರಿಮಾಡುತ್ತಿದ್ದೆ. ಗಿರಿಜಾ ಕೊನೆಯ ಸಲ ಏನೋ ತಿದ್ದುವುದಿದೆ ಎಂದು ಸ್ವಲ್ಪ ಹೊತ್ತು ಕುಳಿತಳು, ಆಮೇಲೆ ಗುಂಡಿ ಒತ್ತಿ ಎದ್ದಳು. ಪಟ್ಟಿ ಹೊರಟಿತು.

ಚುನಾವಣಾ ಫಲಿತಾಂಶದ ದಿನ ಮತ ಎಣಿಕೆ ಕೇಂದ್ರದಲ್ಲಿ ಕುಳಿತವನು ನಾನು. ಆದರೆ ಇಷ್ಟು ಜನ ಇಷ್ಟು ಮೌನವಾಗಿ ಒಂದೇ ಗೆರೆಯನ್ನು ನೋಡಿದ್ದು ಕಂಡಿರಲಿಲ್ಲ. ಅರ್ಧ ದಾಟಿತು. ಹೊರಗೆ ಯಾರದೋ ಗಿರಣಿಯ ಸದ್ದು ಒಮ್ಮೆ ಕುಗ್ಗಿತು, ಫ್ಯಾನ್ ನಿಧಾನವಾಯಿತು. “ಹೋತು,” ಎಂದಳು ನೀಲವ್ವ ಮೆಲ್ಲಗೆ. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಷ್ಟು ದೊಡ್ಡ ದನಿಯ ಹೆಂಗಸು ಅಷ್ಟು ಸಣ್ಣಗೆ ಮಾತಾಡಿದ್ದನ್ನು ಕೇಳಿದಾಗ, ಇದನ್ನು ಶಿಗ್ಗಾವಿಗೇ ಕಳಿಸಬೇಕಿತ್ತು ಎಂದು ಮೊದಲ ಸಲ ನನಗೆ ಅನಿಸಿತು. ಆದರೆ ಕರೆಂಟು ಹೋಗಲಿಲ್ಲ. ಫ್ಯಾನ್ ಮತ್ತೆ ತಿರುಗಿತು. ಮುಕ್ಕಾಲು ದಾಟಿತು. ಪಟ್ಟಿ ತುದಿ ಮುಟ್ಟಿತು. ವಿಡಿಯೊ ಕಳಿಸಿ, ಸಂಘದವರಿಂದ ‘ತಲುಪಿದೆ’ ಎಂಬ ಸಂದೇಶ ಬಂದು, ಚಹಾ ಕುಡಿದು ಲೋಟ ಕೆಳಗಿಡುವಾಗ ಕರೆಂಟು ಹೋಯಿತು.

ಆಮೇಲೆ ನಾನು ಮಾತಾಡಿದೆ. ಪೆನ್ಸಿಲ್ಲಿನ ಕತೆಯನ್ನು ಮೊದಲು ಓಣಿಗೆ ಹೇಳಿದೆ, ನಂತರ ವರದಿಗಾರರಿಗೆ ಫೋನಿನಲ್ಲಿ ಹೇಳಿದೆ. ಶಿಗ್ಗಾವಿಗೆ ಹೋದಾಗ ರಿಪೇರಿ ಅಂಗಡಿಯವರಿಗೂ ಹೇಳಿದೆ; ಅವರು ಮತ್ತೆ ಚಹಾ ತರಿಸಿದರು. ಹೇಳಿದಂತೆಲ್ಲ ರೆಸಿಸ್ಟರ್ ಸಣ್ಣದಾಗುತ್ತ ಹೋಯಿತು, ಅಪಾಯ ದೊಡ್ಡದಾಗುತ್ತ ಹೋಯಿತು. ಚನ್ನಬಸಪ್ಪ ಮಾತ್ರ ಪೂರ್ತಿ ಕೇಳಿ, “ಅಂದ್ರ ಸರ್, ಮಿತಿ ಹಾಕಿದಾವ್ರಿಗೆ ಗೊತ್ತಾಗಲಾರದಂಗ ಮಿತಿ ದಾಟೂದು ತಪ್ಪಲ್ಲ ಅಂದಂಗಾತು,” ಎಂದ. ನಾನು ವಿಷಯ ಬದಲಿಸಿದೆ.

ಫಲಿತಾಂಶ ಬಂದ ದಿನ ನೀಲವ್ವ ಪೇಢೆಯ ಡಬ್ಬಿ ಹಿಡಿದು ಬಂದಳು. ಹಿಂದೆ ತಂಡ. ನಮ್ಮವರಿಗೆ ಎರಡನೆಯ ಬಹುಮಾನ, ಹಿರೇಕೆರೂರಿಗೆ ಮೂರನೆಯದು. ಮೊದಲನೆಯದು ಯಾರಿಗೆ ಬಂತು ಎಂದು ನಾನು ಕೇಳಿದೆ. “ಯಾರಿಗರ ಬರ್ಲಿ ತಗೋ ತಮ್ಮಾ,” ಎಂದಳು ನೀಲವ್ವ. “ಮುಂಜಾನಿಂದ ನನ್ನ ನಾದಿನಿ ಫೋನ್ ಮಾಡಿಲ್ಲ.” ಅವಳ ಮುಖದಲ್ಲಿ ಒಂದು ವರ್ಷದ ಭಾರ ಇಳಿದಿತ್ತು. ಪೇಢೆಯನ್ನು ನನ್ನ ಬಾಯಿಗೇ ಇಟ್ಟು, “ನಿನ್ನ ಪೆನ್ಸಿಲ್ ತೋರ್ಸು ನೋಡೋಣು,” ಎಂದಳು.

ನಾನು ಕಿವಿಯಿಂದ ಪೆನ್ಸಿಲ್ ಇಳಿಸಿದೆ. ಎಲ್ಲರನ್ನೂ ಕಂಪ್ಯೂಟರಿನ ಹತ್ತಿರ ಕರೆದೆ. ಪಕ್ಕದ ಮುಚ್ಚಳ ಇನ್ನೂ ತೆಗೆದೇ ಇತ್ತು. ಭೂತಗನ್ನಡಿ ಹಿಡಿದು, ‘ಇಲ್ಲಿ ನೋಡ್ರಿ, ಈ ಕರೀ ಗೆರಿ’ ಎಂದು ತೋರಿಸಲು ಬಗ್ಗಿದೆ. ಗೆರೆ ಇರಲಿಲ್ಲ. ರೆಸಿಸ್ಟರ್ ಅಂಗಡಿಯಿಂದ ಬಂದ ದಿನದ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಚಿಟಿಕೆ ವಿಭೂತಿ ಬಿದ್ದಿತ್ತು.

“ಅಲ್ಲಿ ಕರ್ರಗ ಹೊಲಸ ಹತ್ತಿತ್ತಲ್ರೀ, ಅದನ?” ಎಂದಳು ಗಿರಿಜಾ ನನ್ನ ಹೆಗಲ ಮೇಲಿನಿಂದ. “ಅಮಾಸಿ ದಿನಾ ಒರಿಸಿದ್ನೆಲ್ಲ. ಒರಿಸಿದ್ರ ಹೋಗಲಿಲ್ಲ, ನಿಮ್ಮ ಮೇಜಿನ ಮ್ಯಾಗಿನ ರಬ್ಬರ್ ತಗೊಂಡು ತಿಕ್ಕಿದ್ನಿ.”

ನಾನು ನೆಟ್ಟಗೆ ನಿಂತೆ. ಕಂಪ್ಯೂಟರನ್ನು ಬಂದ್ ಮಾಡಿ ಚಾಲೂ ಮಾಡಿ ನೀಲಿ ಪುಟ ತೆರೆದೆ. ವೇಗ ಮೊದಲಿನದೇ. ವೋಲ್ಟೇಜು ಮೊದಲಿನದೇ. ನಾನು ಏರಿಸಿದ್ದೆಲ್ಲ ಎಲ್ಲಿಯೂ ಇರಲಿಲ್ಲ. ಮಸಿ ಹೋಗಿ ವೋಲ್ಟೇಜು ಸಾಲದೆ ಬಂದಾದಾಗ, ಅದು ತಾನೇ ನನ್ನ ಅಂಕಿಗಳನ್ನೆಲ್ಲ ಹೊಡೆದುಹಾಕಿ ತನ್ನ ಹಳೆಯ ವೇಗಕ್ಕೆ ಮರಳಿತ್ತು. ಶಾಂತವಾಗಿದ್ದು ಅದಕ್ಕೇ. ಶನಿವಾರ ಇಡೀ ಓಣಿ ಉಸಿರು ಬಿಗಿಹಿಡಿದು ನೋಡಿದ ಆ ಪಟ್ಟಿ ತನ್ನ ಎತ್ತಿನಗಾಡಿಯ ವೇಗದಲ್ಲೇ ಹೋಗಿತ್ತು. ನಾನು ಅದು ಓಡುತ್ತಿದೆ ಎಂದು ತಿಳಿದದ್ದರಿಂದ ನನಗೆ ಓಡುತ್ತಿರುವಂತೆ ಕಂಡಿತ್ತು.

“ಹಂಗಾದ್ರ ಅವತ್ತು ಕರೆಂಟ್ ಹೋಗೂಕಿಂತ ಮೊದಲ ಹೆಂಗ ಮುಗೀತು?” ಎಂದು ಕೇಳಿದೆ. ಇದು ನಾನು ಶನಿವಾರವೇ ಕೇಳಬೇಕಿದ್ದ ಪ್ರಶ್ನೆ.

ಗಿರಿಜಾ ನೀಲವ್ವನ ಕಡೆ ನೋಡಿದಳು. ನೀಲವ್ವ ಪೇಢೆಯ ಡಬ್ಬಿಯ ಮುಚ್ಚಳ ಸರಿಮಾಡತೊಡಗಿದಳು.

“ವಿಡಿಯೊ ಸಣ್ಣದ ಮಾಡಿದ್ನಿರೀ,” ಎಂದಳು ಗಿರಿಜಾ. “ಮೊದಲ ನೀವು ಬೀಸೂ ಕಲ್ಲಿನ ಬಗ್ಗೆ ಮಾತಾಡಿದ್ರೆಲ್ಲ, ಅದನ್ನ ತಗದ್ನಿ.”

“ಎಷ್ಟು?”

“ಎಲ್ಲಾ.”

“ನಾನು ನಾಕ ಮಾತು ಆಡಿದ್ದೆ.”

“ನೀವು ಮಾತಾಡಿ ಮುಗಸೂತನಕ ಅವರು ಒಂದ ಸೇರು ಜ್ವಾಳಾ ಬೀಸಿದ್ರು,” ಎಂದಳು ಅವಳು. “ವಿಡಿಯೋದ ಮೂರನೇ ಪಾಲು ನೀವ ಇದ್ರಿ. ನೀವ ಹೇಳ್ತಿರಲ್ರೀ ದಿನಾ ಫೋನಿನ್ಯಾಗ ಎಲ್ಲಾರಿಗೂ, ಮೊದಲನೇ ಸಾಲಿನ್ಯಾಗ ಸುದ್ದಿ ಬರಬೇಕು, ಪೀಠಿಕಿ ಹೊಡದ ಹಾಕ್ತೇನಿ ಅಂತ. ಕೇಳಿ ಕೇಳಿ ನನಗೂ ಬಂದುಬಿಟ್ಟೈತಿ.”

ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಕೊನೆಗೆ ನೀಲವ್ವ ನನ್ನ ಕೈಗೆ ಇನ್ನೊಂದು ಪೇಢೆ ಇಟ್ಟು, “ಛಲೋ ಮಾತಾಡಿದ್ದಿ ತಮ್ಮಾ,” ಎಂದಳು. “ಜಾಗಾ ಇರಲಿಲ್ಲ, ಅಷ್ಟ.”

ಆ ಮಾತನ್ನು ನಾನು ದಿನವೂ ಹತ್ತಾರು ಜನರಿಗೆ ಹೇಳುತ್ತೇನೆ. ಅದು ಕೇಳುವವನ ಎದೆಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಆವರೆಗೆ ತಿಳಿದಿರಲಿಲ್ಲ. ಮಾರನೆಯ ದಿನ ಬಹುಮಾನದ ಸುದ್ದಿ ಎಲ್ಲ ತಾಲ್ಲೂಕುಗಳಿಂದ ಬಂತು. ಹಿರೇಕೆರೂರಿನದು ನೂರೈವತ್ತು ಪದ, ಜೊತೆಗೆ ತಂಡದ ಫೋಟೊ, ಅದರ ಅಡಿಯಲ್ಲಿ ಹಾಡಿನ ಹಿನ್ನೆಲೆ, ಬೀಸುವ ಕಲ್ಲಿನ ಇತಿಹಾಸ, ಮೂರನೆಯ ಬಹುಮಾನ ಬಂದದ್ದಕ್ಕೆ ಕಾರಣಗಳು. ಪೆನ್ಸಿಲ್ ಎತ್ತಿದೆ. ಬೀಸುವ ಕಲ್ಲಿನ ಇತಿಹಾಸವನ್ನು ಅವನು ನನಗಿಂತ ಚೆನ್ನಾಗಿ ಬರೆದಿದ್ದ. ಪೆನ್ಸಿಲ್ ಕೆಳಗಿಟ್ಟೆ.

ಕಂಪ್ಯೂಟರಿಗೆ ಮತ್ತೆ ಗೆರೆ ಎಳೆಯಲಿಲ್ಲ. ಮುಚ್ಚಳ ಹಾಕಿದ್ದೇನೆ. ಫ್ಯಾನು ಮನುಷ್ಯರ ಕಡೆ ತಿರುಗಿದೆ. ಭಾನುವಾರದ ಪುರವಣಿಯವರು ಈ ಅನುಭವ ಬರೆದು ಕೊಡಿ ಎಂದು ಕೇಳುವಾಗ ಇಷ್ಟೇ ಪದಗಳಲ್ಲಿರಲಿ ಎಂದು ಒಂದು ಮಿತಿ ಹೇಳಿದ್ದರು. ಅದನ್ನು ದಾಟಿ ಬಹಳ ದೂರ ಬಂದಿದ್ದೇನೆ. ಗಿರಿಜಾ ಓದಿ ನೋಡಿ ಪೆನ್ಸಿಲ್ಲಿಗಾಗಿ ಕೈ ಚಾಚಿದಳು. ಕೊಡಲಿಲ್ಲ. ವಿಭೂತಿ ಹಚ್ಚಿಕೊಂಡ ನಮ್ಮ ಕಂಪ್ಯೂಟರಿನ ಒಂದು ಫೋಟೊ ತೆಗೆದು ಇದರ ಜೊತೆ ಕಳಿಸುತ್ತಿದ್ದೇನೆ. ಬೀಸುವ ಕಲ್ಲಿನ ಬಗ್ಗೆ ನಾನು ಅಂದು ಆಡಿದ ನಾಲ್ಕು ಮಾತುಗಳನ್ನು ಅದರ ಅಡಿಬರಹದಲ್ಲಿ ಓದಬಹುದು.